'ಸಂಸ್ಕಾರ' ಮತ್ತು ಸೆನ್ಸಾರ್

ಸೆನ್ಸಾರ್ ನಿಷೇಧಕ್ಕೆ ಗುರಿಯಾದ ಕನ್ನಡ ಚಿತ್ರಗಳಲ್ಲಿ ಪ್ರಮುಖವಾದುದು 'ಸಂಸ್ಕಾರ' (1970). ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನಾಧರಿಸಿದ ಈ ಚಿತ್ರದ ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಚಿತ್ರಕಥೆ ರಚಿಸಿ ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು, ನಮ್ಮ ಕಲ್ಯಾಣದಾಚೆಯ ಮಾಥೇರಾನಿನಲ್ಲಿ ಜನಿಸಿದ ಗಿರೀಶ ಕಾರ್ನಾಡರು.

ಅಗ್ರಹಾರದ ಆಚಾರಗಳ ವಿಮರ್ಶೆಯಿಂದ ಸಮುದಾಯದ ಭಾವನೆಗಳಿಗೆ ಧಕ್ಕೆಯಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿಯು ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಮಧ್ಯಪ್ರವೇಶಿಸಿದ ಬಳಿಕವೇ ಚಿತ್ರ ತೆರೆಕಂಡಿತು. 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಅದು ಪಾತ್ರವಾಯಿತು. ಈ ಗೌರವ ಪಡೆದ ಪ್ರಥಮ ಕನ್ನಡ ಚಿತ್ರವೂ ಅದೇ.

ಚಿತ್ರಗಳ ಪ್ರಮಾಣೀಕರಣವು 1952ರ ಸಿನಿಮಾಟೋಗ್ರಾಫ್ ಕಾಯಿದೆಯನ್ವಯ ನಡೆಯುತ್ತದೆ. ಮಂಡಳಿಯ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ. 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ರದ್ದಾದ ಕಾರಣ, ಮಂಡಳಿಯ ತೀರ್ಮಾನವನ್ನು ಒಪ್ಪದ ನಿರ್ಮಾಪಕರು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇ ಏರಬೇಕು. 2023ರ ತಿದ್ದುಪಡಿಯು 'ಯುಎ' ವರ್ಗವನ್ನು 7, 13 ಮತ್ತು 16 ವರ್ಷಗಳ ವಯೋಮಾನಕ್ಕನುಗುಣವಾಗಿ ವಿಂಗಡಿಸಿದೆ. ಇದು ಪಾಲಕರಿಗೆ ಮಾರ್ಗದರ್ಶನವೇ ಹೊರತು ನಿಷೇಧವಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಾವು ಈ ವ್ಯತ್ಯಾಸವನ್ನು ಅರಿಯಬೇಕು. ಮಕ್ಕಳು ಏನನ್ನು ನೋಡಬೇಕೆಂಬುದನ್ನು ಮನೆಯ ಹಿರಿಯರು ನಿರ್ಧರಿಸಬಲ್ಲರು. ಪ್ರಬುದ್ಧರು ಏನನ್ನು ನೋಡಬಾರದೆಂದು ಮಂಡಳಿಯ ಮಾತೇ ಅಂತಿಮವಾಗಿದ್ದರೆ, ಅಂದು 'ಸಂಸ್ಕಾರ'ವು ನಮ್ಮ ಪಾಲಿಗೆ ಇಲ್ಲವಾಗುತ್ತಿತ್ತು.