ಪಳವೇರ್ಕಾಡು: ವಿಜಯನಗರದ ಒಂದು ಮರೆತ ರೇವು

ವಿಜಯವಾಡದಿಂದ ಚೆನ್ನೈಗೆ ಹೋಗುವ ರೈಲು ಸೂಳ್ಳೂರುಪೇಟೆ ದಾಟಿತೆಂದರೆ ನಮ್ಮವರು ಸಾಮಾನು ಕಟ್ಟತೊಡಗುತ್ತಾರೆ. ಅಲ್ಲಿಂದ ಪೂರ್ವಕ್ಕೆ ಹರಡಿರುವ ಪುಲಿಕಾಟ್ ಸರೋವರದ ಕಡೆ ಗಮನ ಹರಿಸುವವರು ಕಡಿಮೆ. ಈ ಉಪ್ಪುನೀರಿನ ಸರೋವರದ ಹೆಚ್ಚಿನ ಭಾಗ ಆಂಧ್ರದಲ್ಲಿದೆ. ದಕ್ಷಿಣದ ತುದಿಯಲ್ಲಿ, ತಮಿಳುನಾಡಿಗೆ ಸೇರಿದ ಪಳವೇರ್ಕಾಡು ಎಂಬ ಬೆಸ್ತರ ಊರಿದೆ. ಪೊನ್ನೇರಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಒಂದು ಕಾಲಕ್ಕೆ ಇದು ವಿಜಯನಗರದ ಮುಖ್ಯ ರೇವುಗಳಲ್ಲಿ ಒಂದು. 1610ರಲ್ಲಿ ಅರವೀಡು ವಂಶದ ವೆಂಕಟಪತಿರಾಯನು ಡಚ್ಚರಿಗೆ ಇಲ್ಲಿ ವ್ಯಾಪಾರದ ಅಪ್ಪಣೆ ಕೊಟ್ಟನು. 1612ರಲ್ಲಿ ಪೋರ್ಚುಗೀಸರು ಅವರ ಕೋಠಿಯನ್ನು ಹಾಳುಗೆಡವಿದರು. ಮರುವರ್ಷವೇ ಗೆಲ್ಡ್ರಿಯಾ ಕೋಟೆ ಎದ್ದಿತು. ಈ ಸೀಮೆಯ ನೇಕಾರರ ಬಣ್ಣದ ಬಟ್ಟೆ ಕೊಟ್ಟು ಡಚ್ಚರು ಪೂರ್ವದ ದ್ವೀಪಗಳಲ್ಲಿ ಜಾಯಿಕಾಯಿ, ಲವಂಗ ಕೊಳ್ಳುತ್ತಿದ್ದರು.

ಬಟ್ಟೆಯೊಂದಿಗೆ ಮನುಷ್ಯರೂ ಹಡಗು ಹತ್ತಿದರು. ಬರ, ಯುದ್ಧಗಳು ಬಂದಾಗ ಹೊಟ್ಟೆಗಿಲ್ಲದವರನ್ನು ಕೊಂಡು ಬಟಾವಿಯಕ್ಕೆ ಸಾಗಿಸಿದರು. ಹೀಗೆ ಗುಲಾಮರಾಗಿ ಹೋದವರು ಸಾವಿರಾರು.

ಕೊನೆಗೆ 1825ರಲ್ಲಿ ಊರು ಇಂಗ್ಲಿಷರ ಕೈಸೇರಿತು. ಕೋಟೆ ಈಗ ಪೊದೆ ಬೆಳೆದ ದಿಬ್ಬ. ಉಳಿದಿರುವುದು ಡಚ್ಚರ ಸ್ಮಶಾನ: ದ್ವಾರದ ಎರಡೂ ಬದಿಗೆ ಕಲ್ಲಿನ ಅಸ್ಥಿಪಂಜರಗಳು, ಒಳಗೆ ಹೆಸರು, ವರ್ಷ ಕೆತ್ತಿದ ಸಮಾಧಿಗಳು.

ಹಂಪೆಯನ್ನು ನೆನೆದು ಹೆಮ್ಮೆಪಡುವ ನಾವು ಆ ಅರಸರ ಈ ರೇವನ್ನೂ ಒಮ್ಮೆ ನೋಡಬೇಕು. ವರ್ತಕರ ಹೆಸರು ಕಲ್ಲಿನ ಮೇಲಿದೆ. ಅವರು ಮಾರಿದ ಜನರ ಹೆಸರು ಅಲ್ಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಹಿಂದಿರುಗಲು ರೈಲಾದರೂ ಇದೆ. ಅವರಿಗೆ ಹಿಂದಿರುಗುವ ಹಡಗೇ ಇರಲಿಲ್ಲ.