ನೆರಳಿನ ಹೂವಿಗೆ ಬೀಜ ಹಾಕುವ ಕಾಲ

ಬೇವಿನ ಮರದ ಬುಡ, ಮನೆಯ ಮೂಡಣ ಮಗ್ಗುಲು, ಎತ್ತರದ ಗೋಡೆಯ ಮರೆ ಇಂಥ ಕಡೆ ಚೆಂಡುಹೂವೂ ಸೇವಂತಿಗೆಯೂ ಸೊರಗುತ್ತವೆ. ಅಲ್ಲಿ ಚೆನ್ನಾಗಿ ಬರುವ ಕೆಲವು ಹಂಗಾಮಿ ಹೂಗಳಿವೆ. ಅವುಗಳ ಬೀಜ ಯಾವಾಗ ಹಾಕಬೇಕೆಂಬುದನ್ನು ಪೊಟ್ಟಣದ ಮೇಲಿನ ತಿಂಗಳು ನೋಡಿ ನಿರ್ಧರಿಸಿದರೆ ಕೆಡುತ್ತದೆ; ಆಯಾ ಊರಿನ ಹವೆ ನೋಡಿಯೇ ನಿರ್ಧರಿಸಬೇಕು.

ಯಾವ ಹೂಗಳು?

ಭಾರತದ್ದೇ ಆದ ಕರ್ಣಕುಂಡಲ ಇವುಗಳಲ್ಲಿ ಸುಲಭದ್ದು. ಮಾಗಿದ ಕಾಯಿ ಮುಟ್ಟಿದೊಡನೆ ಸಿಡಿದು ಬೀಜ ಚೆಲ್ಲುತ್ತದೆ. ಹಾಗಾಗಿ ಕಾಯಿ ತಿಳಿಹಸಿರಿಗೆ ತಿರುಗಿ ಉಬ್ಬಿದಾಗಲೇ ಅಂಗೈ ಮುಚ್ಚಿ ಕೀಳಬೇಕು. ಇದರ ಬಳಗಕ್ಕೇ ಸೇರಿದ ಇಂಪೇಶನ್ಸ್ ಪೂರ್ವ ಆಫ್ರಿಕಾದಿಂದ ಬಂದದ್ದು. ಆಗ್ನೇಯ ಏಷ್ಯಾದ ಟೊರೇನಿಯಾ ಸೆಕೆಯನ್ನೂ ತಾಳುತ್ತದೆ. ಕೋಲಿಯಸ್ ಬೆಳೆಸುವುದು ಎಲೆಯ ಬಣ್ಣಕ್ಕಾಗಿ. ದಕ್ಷಿಣ ಅಮೆರಿಕ ಮೂಲದ ಬಿಗೋನಿಯಾ ಮತ್ತು ಕ್ಯಾನರಿ ದ್ವೀಪಗಳ ಸಿನೆರೇರಿಯಾ ತಂಪು ಬೇಡುತ್ತವೆ.

ಮೊಳಕೆಯ ಗುಟ್ಟು

ಇವುಗಳಲ್ಲಿ ಹೆಚ್ಚಿನವು 20ರಿಂದ 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಳೆಯುತ್ತವೆ. ಶಾಖ 30 ದಾಟಿದರೆ ಮೊಳಕೆ ಕುಂಠಿತವಾಗುತ್ತದೆ. ಕರ್ಣಕುಂಡಲ ಸುಮಾರು ಒಂದು ವಾರದಲ್ಲಿ, ಬಿಗೋನಿಯಾ ಎರಡು ಮೂರು ವಾರದಲ್ಲಿ ಮೊಳೆಯುತ್ತದೆ. ಇಂಪೇಶನ್ಸ್, ಬಿಗೋನಿಯಾ, ಕೋಲಿಯಸ್ ಬೀಜಗಳಿಗೆ ಬೆಳಕೂ ಬೇಕು, ಮಣ್ಣು ಮುಚ್ಚಬಾರದು. ಗಿಡ ನೆರಳು ಬಯಸಿದರೂ ಬೀಜವನ್ನು ಕತ್ತಲೆಯಲ್ಲಿಡಬಾರದು.

ಬಿಗೋನಿಯಾ ಬೀಜ ಧೂಳಿನಷ್ಟು ಸಣ್ಣದು; ಒಂದು ಗ್ರಾಂನಲ್ಲಿ ಹತ್ತಾರು ಸಾವಿರ ಇರುತ್ತವೆ. ಅದನ್ನು ಒಣಗಿದ ಸಣ್ಣ ಮರಳಿನೊಂದಿಗೆ ಬೆರೆಸಿ, ಮಡಚಿದ ಕಾಗದದಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಉದುರಿಸಬೇಕು. ಮೇಲಿಂದ ನೀರು ಹಾಕಿದರೆ ಬೀಜ ಒಂದೆಡೆ ಕೊಚ್ಚಿಹೋಗುತ್ತದೆ. ಟ್ರೇಯನ್ನು ನೀರಿರುವ ಪರಾತದಲ್ಲಿಟ್ಟು ಕೆಳಗಿನಿಂದ ಮಣ್ಣು ನೆನೆಯಲು ಬಿಡಬೇಕು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಮೊಳಕೆ ಕಂಡ ಮೇಲೆ ತೆಗೆಯಬೇಕು.

ಕೊಡೇಕಲ್‌ನ ಲೆಕ್ಕ

ಕೊಡೇಕಲ್ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನ ಊರು. ಹಿಂದೆ ಸುರಪುರ ತಾಲ್ಲೂಕಿನಲ್ಲಿತ್ತು. ಬಸವಸಾಗರ ಜಲಾಶಯದ ನಾರಾಯಣಪುರ ಹತ್ತಿರದಲ್ಲಿದ್ದರೂ ಹವೆ ಒಣ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮರದ ನೆರಳಿದ್ದರೂ ಬಿಸಿಗಾಳಿಗೆ ಎಳೆ ಸಸಿ ಬಾಡುತ್ತದೆ. ಆ ಎರಡು ತಿಂಗಳು ಬೀಜ ಮುಟ್ಟದಿರುವುದೇ ಲೇಸು.

ಇಲ್ಲಿ ಎರಡು ಹಂಗಾಮುಗಳಿವೆ. ಮೃಗಶಿರಾ ಮಳೆ ಬಿದ್ದು ನೆಲ ತಣಿದ ಮೇಲೆ ಜೂನ್ ಕೊನೆಗೆ ಕರ್ಣಕುಂಡಲ, ಟೊರೇನಿಯಾ ಹಾಕಬಹುದು. ಕರ್ಣಕುಂಡಲ ಎರಡು ತಿಂಗಳಿಗೆ ಹೂ ಬಿಡುವುದರಿಂದ ಗೌರಿ ಹಬ್ಬದ ಹೊತ್ತಿಗೆ ಹೂ ಸಿಗುತ್ತದೆ. ಬಿಗೋನಿಯಾ ಹೂ ಬಿಡಲು ಮೂರು ನಾಲ್ಕು ತಿಂಗಳು ಬೇಕು. ಸೀಗಿ ಹುಣ್ಣಿಮೆಯ ತನಕ ಕಾದರೆ ಹೂ ಬಂದ ಸ್ವಲ್ಪ ದಿನಕ್ಕೇ ಬೇಸಿಗೆ ಬರುತ್ತದೆ. ಆದ್ದರಿಂದ ಆಗಸ್ಟ್‌ನಲ್ಲೇ ನೆರಳು ಪರದೆಯ ಕೆಳಗೆ ಸಸಿ ಎಬ್ಬಿಸಬೇಕು. ಇಂಪೇಶನ್ಸ್ ಬೀಜಕ್ಕೆ ಸೆಪ್ಟೆಂಬರ್ ಸರಿ.

ಎರೆಮಣ್ಣನ್ನು ಹಾಗೇ ಟ್ರೇಗೆ ತುಂಬಬಾರದು. ಹಸಿಯಾದಾಗ ಅಂಟಿ, ಒಣಗಿದಾಗ ಬಿರಿದು ಎಳೆ ಬೇರು ಹರಿಯುತ್ತದೆ. ತೆಂಗಿನ ನಾರಿನ ಪುಡಿ, ಮರಳು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಬಳಸಬೇಕು. ಸವಳು ಬೋರ್‌ವೆಲ್ ನೀರಿಗಿಂತ ಹಿಡಿದಿಟ್ಟ ಮಳೆ ನೀರು ಮೇಲು.

ಬೇರೆ ಹವೆಗಳಲ್ಲಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇಂಪೇಶನ್ಸ್ ಬಹುತೇಕ ವರ್ಷವಿಡೀ ಬರುತ್ತದೆ. ಸಿನೆರೇರಿಯಾವನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಹೂ. ಮಡಿಕೇರಿಯಲ್ಲಿ ತೊಂದರೆ ಕೊಡುವುದು ಬಿಸಿಲಲ್ಲ, ಮಳೆ. ಜೂನ್‌ನಿಂದ ಆಗಸ್ಟ್ ತನಕ ಸೂರಿನಡಿ ಸಸಿ ಮಾಡಬೇಕು. ಪಶ್ಚಿಮ ಘಟ್ಟದ ಕರ್ಣಕುಂಡಲದ ಕಾಡು ಬಳಗದ ಹಲವು ಗಿಡಗಳು ಮಳೆಗೆ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ.

ಅಮೆರಿಕದ ನ್ಯೂಜೆರ್ಸಿಯಂಥ ಕಡೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಶತ್ರು ಹಿಮ. ಮೇ ತಿಂಗಳಲ್ಲಿ ಹೊರಗೆ ನೆಡಲು ಬಿಗೋನಿಯಾವನ್ನು ಫೆಬ್ರುವರಿಯಲ್ಲಿ, ಇಂಪೇಶನ್ಸನ್ನು ಮಾರ್ಚ್‌ನಲ್ಲಿ ಮನೆಯೊಳಗೆ ದೀಪದ ಬೆಳಕಿನಲ್ಲಿ ಬಿತ್ತಬೇಕಾಗುತ್ತದೆ.

ಸಸಿ ಸಾಯುವ ರೋಗ

ಮೆಣಸಿನಕಾಯಿ ಅಗಿ ಹಾಕುವವರಿಗೆ ಇದು ಗೊತ್ತೇ ಇದೆ: ನಿನ್ನೆ ನೆಟ್ಟಗಿದ್ದ ಸಸಿ ಇಂದು ಬುಡ ಕರಗಿ ಅಡ್ಡ ಬಿದ್ದಿರುತ್ತದೆ. ಅತಿ ನೀರು, ಒತ್ತಾದ ಬಿತ್ತನೆ, ಗಾಳಿಯಾಡದ ಜಾಗ ಇದಕ್ಕೆ ಕಾರಣ. ಮಣ್ಣಿಗೆ ಟ್ರೈಕೋಡರ್ಮಾ ಬೆರೆಸುವುದು, ತೆಳುವಾಗಿ ಬಿತ್ತುವುದು, ಮೇಲ್ಪದರ ತುಸು ಆರಿದ ಮೇಲೆ ನೀರು ಕೊಡುವುದು ಉಪಾಯ.

ಪೊಟ್ಟಣ ಓದುವಾಗ

ಚಳಿ ದೇಶದ ಪೊಟ್ಟಣದಲ್ಲಿ ‘ಪೂರ್ಣ ಬಿಸಿಲು’ ಎಂದಿದ್ದರೆ ಕೊಡೇಕಲ್‌ನಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಎಂದು ಓದಿಕೊಳ್ಳಿ. ನಿಮ್ಮೂರಿನ ಕಠಿಣ ಕಾಲ ಯಾವುದೆಂದು ಮೊದಲು ಗುರುತಿಸಿ, ಅದಕ್ಕೆ ಮುಂಚೆ ಹೂ ಮುಗಿಯುವಂತೆ, ಇಲ್ಲವೇ ಅದು ಮುಗಿದ ಮೇಲೆ ಸಸಿ ನೆಲ ಸೇರುವಂತೆ ಹಿಂದಕ್ಕೆ ಎಣಿಸಿ ಬೀಜ ಹಾಕಿ.