ಸೂಕ್ಷ್ಮ ಚರ್ಮದ ಮಕ್ಕಳಿಗೆ ಮನೆಯಲ್ಲಿ ತಯಾರಿಸುವ ಸ್ನಾನದ ಪುಡಿ ಮತ್ತು ಎಣ್ಣೆ: ಪೋಷಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಮಕ್ಕಳ ಚರ್ಮವು ವಯಸ್ಕರ ಚರ್ಮಕ್ಕಿಂತ ತೆಳುವಾಗಿದ್ದು, ತನ್ನ ತೇವಾಂಶವನ್ನು ಬೇಗನೆ ಕಳೆದುಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಕೆನ್ನೆ, ಕುತ್ತಿಗೆ, ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳು ಪದೇ ಪದೇ ಒಣಗಿ, ಕೆಂಪಾಗಿ, ತುರಿಕೆಯುಂಟಾಗುತ್ತದೆ. ಇದನ್ನು ಇಸುಬು ಅಥವಾ ಎಕ್ಸಿಮಾ ಎಂದು ಕರೆಯಲಾಗುತ್ತದೆ. ಇಂತಹ ಮಕ್ಕಳಿಗೆ ಸ್ನಾನದ ಸಾಮಗ್ರಿಗಳನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದೇ ಎಂಬ ಬಗ್ಗೆ ಹಾಗೂ ಹಾಗೆ ತಯಾರಿಸಿದ್ದನ್ನು ಮಾರಾಟ ಮಾಡಲು ಬೇಕಾಗುವ ಪರವಾನಗಿಯ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಾಬೂನು ಏಕೆ ಒಗ್ಗುವುದಿಲ್ಲ

ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು, ಅದರ ಪಿಎಚ್ ಪ್ರಮಾಣ ಸುಮಾರು 5 ಇರುತ್ತದೆ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಈ ಕ್ಷಾರಗುಣವು ಕೊಳೆಯ ಜೊತೆಗೆ ಚರ್ಮದ ಸಹಜ ಜಿಡ್ಡನ್ನೂ ತೊಳೆದುಹಾಕುತ್ತದೆ. ಕೊಳವೆ ಬಾವಿಯ ಗಡಸು ನೀರು ಬಳಸುವ ಊರುಗಳಲ್ಲಿ ನೀರಿನ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಸೇರಿ ಬಿಳಿ ಪೊರೆಯಾಗಿ ಮೈಮೇಲೆ ಉಳಿಯುವುದರಿಂದ ತೊಂದರೆ ಹೆಚ್ಚುತ್ತದೆ. ಮಳೆನೀರು ಸಂಗ್ರಹಿಸುವ ಮನೆಗಳಲ್ಲಿ ಆ ನೀರನ್ನು ಮಗುವಿನ ಸ್ನಾನಕ್ಕೆ ಮೀಸಲಿಡುವುದು ಉತ್ತಮ.

ಮನೆಯಲ್ಲಿ ಕಾಸ್ಟಿಕ್ ಸೋಡಾ ಬಳಸಿ ಸಾಬೂನು ತಯಾರಿಸುವುದನ್ನು ಮಕ್ಕಳಿರುವ ಮನೆಗಳಿಗೆ ಸಲಹೆ ಮಾಡಲಾಗುವುದಿಲ್ಲ. ತಯಾರಿಕೆಯ ವೇಳೆ ಅದರ ದ್ರಾವಣ ಸಿಡಿದರೆ ಕಣ್ಣಿಗೂ, ಮಗು ನುಂಗಿದಲ್ಲಿ ಅನ್ನನಾಳಕ್ಕೂ ತೀವ್ರ ಸುಟ್ಟಗಾಯವಾಗುತ್ತದೆ. ಇಷ್ಟೆಲ್ಲ ಅಪಾಯದ ನಂತರ ದೊರೆಯುವುದೂ ಕ್ಷಾರೀಯ ಸಾಬೂನೇ ಆಗಿರುತ್ತದೆ.

ಹೆಸರುಹಿಟ್ಟು

ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕಡಲೆಹಿಟ್ಟು ಮತ್ತು ಹೆಸರುಹಿಟ್ಟು ಸಾಬೂನಿನಷ್ಟು ಕ್ಷಾರೀಯವಲ್ಲ. ಸಿಪ್ಪೆ ತೆಗೆದ ಹೆಸರುಬೇಳೆಯನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಸೋಸಿಕೊಳ್ಳತಕ್ಕದ್ದು. ಜರಡಿಯಲ್ಲಿ ಸೋಸಿದರೆ ಸಾಲದು. ಉಳಿದ ತರಿಯು ಮಗುವಿನ ಮೈಯನ್ನು ಗೀರುತ್ತದೆ. ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ತಯಾರಿಸಿ, ಒಣ ಡಬ್ಬಿಯಲ್ಲಿ, ಬಚ್ಚಲುಮನೆಯ ಹೊರಗೆ ಇಡಬೇಕು. ಸ್ನಾನದ ಹೊತ್ತಿಗೆ ಎರಡು ಚಮಚ ಪುಡಿಯನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಉಜ್ಜದೆ ಸವರಿ ತೊಳೆಯಬೇಕು. ಒಮ್ಮೆ ನೀರು ಬೆರೆಸಿದ ಹಿಟ್ಟನ್ನು ಮರುದಿನಕ್ಕೆ ಇಡಬಾರದು. ನೀರಿನ ಅಂಶವಿರುವ ಮನೆಯ ತಯಾರಿಕೆಗಳಲ್ಲಿ ಸಂರಕ್ಷಕ ಇರುವುದಿಲ್ಲವಾದ್ದರಿಂದ ಅವುಗಳಲ್ಲಿ ರೋಗಾಣುಗಳು ಕಣ್ಣಿಗೆ ಕಾಣದಂತೆ ಬೆಳೆಯುತ್ತವೆ.

ಚರ್ಮ ಬಿರುಕು ಬಿಟ್ಟು ರಸ ಒಸರುತ್ತಿರುವಾಗ ಯಾವುದೇ ಧಾನ್ಯ, ಬೇಳೆ, ಹಾಲು ಅಥವಾ ಬಾದಾಮಿಯ ಪದಾರ್ಥವನ್ನು ಹಚ್ಚಬಾರದು ಎಂಬುದನ್ನು ಪೋಷಕರು ವಿಶೇಷವಾಗಿ ಗಮನಿಸತಕ್ಕದ್ದು. ಆಹಾರದ ಪ್ರೋಟೀನು ಚರ್ಮದ ಮೂಲಕ ದೇಹವನ್ನು ಸೇರಿದಾಗ, ಮುಂದೆ ಅದೇ ಆಹಾರವನ್ನು ತಿಂದಾಗ ಅಲರ್ಜಿಯಾಗುವ ಸಾಧ್ಯತೆಯಿದೆ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಮುಖದ ಸಾಬೂನೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಉಂಟಾಗಿ, 2011ರಲ್ಲಿ ಆ ಸಾಬೂನನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಆರು ತಿಂಗಳೊಳಗಿನ ಶಿಶುವಿಗೆ ಉಗುರುಬೆಚ್ಚನೆಯ ಬರೀ ನೀರೇ ಸಾಕಾಗುತ್ತದೆ.

ಓಟ್ಸ್ ನೀರು

ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟಿನಂತೆ ಪುಡಿ ಮಾಡಿ, ಒಂದು ಚಮಚವನ್ನು ಲೋಟ ನೀರಿಗೆ ಹಾಕಿ ನೋಡಬೇಕು. ನೀರು ಹಾಲಿನಂತೆ ಬೆಳ್ಳಗಾದರೆ ಪುಡಿ ಸರಿಯಾಗಿದೆ; ತಳದಲ್ಲಿ ಕೂತರೆ ಮತ್ತೆ ಪುಡಿ ಮಾಡಬೇಕು. ಮೂರು ದೊಡ್ಡ ಚಮಚ ಪುಡಿಯನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಬಕೆಟ್ ನೀರಿನಲ್ಲಿ ಹಿಂಡಿ, ಆ ನೀರನ್ನು ಕೊನೆಯಲ್ಲಿ ಮೈಮೇಲೆ ಹುಯ್ಯಬಹುದು. ತುರಿಕೆ ತಾತ್ಕಾಲಿಕವಾಗಿ ಶಮನವಾಗುತ್ತದೆ. ನೆಲ ಜಾರುವುದರಿಂದ ಮಗುವನ್ನು ಕೈಬಿಡಬಾರದು.

ಎಣ್ಣೆ

ಸ್ನಾನಕ್ಕಿಂತಲೂ ಸ್ನಾನದ ನಂತರ ಹಚ್ಚುವ ಜಿಡ್ಡೇ ಮುಖ್ಯ. ಬ್ರಿಟನ್ನಿನಲ್ಲಿ ಇಸುಬು ಇದ್ದ 482 ಮಕ್ಕಳನ್ನು ಒಳಗೊಂಡು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ನಾನದ ನೀರಿಗೆ ಬೆರೆಸುವ ಜಿಡ್ಡಿನ ದ್ರವಗಳಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಆ ಮಕ್ಕಳು ಮೈಗೆ ನೇರವಾಗಿ ಹಚ್ಚುವ ಲೇಪವನ್ನು ಎಂದಿನಂತೆ ಬಳಸುತ್ತಿದ್ದರು. ದುಬಾರಿ ಸ್ನಾನದ ಎಣ್ಣೆಗೆ ಹಣ ವ್ಯಯಿಸುವ ಅಗತ್ಯವಿಲ್ಲವೆಂದೇ ಇದರಿಂದ ತಿಳಿಯಬೇಕು.

ಹಸಿ ತೆಂಗಿನಕಾಯಿಯಿಂದ ತೆಗೆದ ಶುದ್ಧ ತೆಂಗಿನೆಣ್ಣೆಯನ್ನು ಫಿಲಿಪೀನ್ಸಿನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ಖನಿಜ ತೈಲದೊಂದಿಗೆ ಹೋಲಿಸಿ ನೋಡಿದಾಗ, ತೆಂಗಿನೆಣ್ಣೆಯಿಂದ ಹೆಚ್ಚಿನ ಗುಣ ಕಂಡುಬಂದಿದ್ದು, ಅದರ ವರದಿ 2014ರಲ್ಲಿ ಪ್ರಕಟವಾಗಿದೆ. ಮೈಯನ್ನು ಒತ್ತಿ ಒರೆಸಿ, ಇನ್ನೂ ತೇವವಿರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಸುವಾಸನೆ ಬೆರೆಸದ ಎಣ್ಣೆಯನ್ನು ಸವರಬೇಕು. ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಚರ್ಮದ ರಕ್ಷಣಾ ಪದರವನ್ನು ದುರ್ಬಲಗೊಳಿಸುವುದರಿಂದ ಸೂಕ್ಷ್ಮ ಚರ್ಮಕ್ಕೆ ಹಿತವಲ್ಲ. ವೈದ್ಯರು ಮುಲಾಮು ಬರೆದಿದ್ದಲ್ಲಿ ಎಣ್ಣೆಯ ನೆಪದಲ್ಲಿ ಅದನ್ನು ನಿಲ್ಲಿಸಬಾರದು.

ಯಾವುದನ್ನು ಮೊದಲ ಬಾರಿಗೆ ಬಳಸುವುದಿದ್ದರೂ ಮುಂಗೈಯ ಒಳಭಾಗದಲ್ಲಿ ಕಾಸಿನಗಲ ಜಾಗಕ್ಕೆ ದಿನಕ್ಕೊಮ್ಮೆಯಂತೆ ಐದಾರು ದಿನ ಹಚ್ಚಿ ಪರೀಕ್ಷಿಸುವುದು.

ಬಳಸಬಾರದ ಪದಾರ್ಥಗಳು

ಕರ್ಪೂರ ಬೆರೆಸಿದ ಎಣ್ಣೆಯನ್ನು ಶಿಶುಗಳಿಗೆ ಹಚ್ಚುವ ರೂಢಿ ಅನೇಕ ಕಡೆ ಇದೆ. ಕರ್ಪೂರವು ಚರ್ಮದ ಮೂಲಕವೂ ಹೀರಲ್ಪಟ್ಟು ಮಕ್ಕಳಲ್ಲಿ ಸೆಳವು ಉಂಟುಮಾಡಬಲ್ಲದು. ನೀಲಗಿರಿ ಎಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ. ಬಿಳಿಗಾರವು ಒಡೆದ ಚರ್ಮದ ಮೂಲಕ ಸೇರಿದರೆ ವಿಷಕಾರಿ. ನಿಂಬೆರಸ ಮತ್ತು ಅಡುಗೆ ಸೋಡಾ ಉರಿಯನ್ನು ಹೆಚ್ಚಿಸುತ್ತವೆ. ಅಂಗಡಿಯ ಅರಿಶಿನದ ಪುಡಿಗೆ ಸೀಸದ ಕ್ರೋಮೇಟ್‌ನಂತಹ ಬಣ್ಣ ಕಲಬೆರಕೆಯಾಗುವುದುಂಟು. ಸೀಗೆಪುಡಿ, ಅಂಟುವಾಳದ ಪುಡಿಗಳು ಕಣ್ಣಿಗೆ ತೀವ್ರ ಉರಿ ತರುತ್ತವೆ. ಸ್ನಾನದ ನಂತರ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದು ಹಿರಿಯರ ಪ್ರೀತಿಯ ಪದ್ಧತಿಯಾದರೂ, ಹೊಗೆಯು ಶ್ವಾಸನಾಳವನ್ನು ಕೆರಳಿಸುವುದರಿಂದ ಅದನ್ನು ಕೈಬಿಡುವಂತೆ ಕೋರಲಾಗಿದೆ. ಮೂಗು, ಕಿವಿಗಳಿಗೆ ಎಣ್ಣೆ ಬಿಡಬಾರದು.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಕೀವು, ಹಳದಿ ಹಕ್ಕಳೆ ಕಂಡುಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಜ್ವರದೊಂದಿಗೆ ನೋಯುವ ನೀರುಗುಳ್ಳೆಗಳು ಗುಂಪಾಗಿ ಎದ್ದಲ್ಲಿ ಅದೇ ದಿನ ತೋರಿಸತಕ್ಕದ್ದು. ರಾತ್ರಿ ತುರಿಕೆ ಹೆಚ್ಚಾಗಿ, ಮನೆಯ ಇತರರಿಗೂ ತುರಿಕೆ ಇದ್ದರೆ ಅದು ಇಸುಬಾಗಿರದೆ ಕಜ್ಜಿಯಾಗಿರಬಹುದು. ಅದಕ್ಕೆ ಮನೆಮಂದಿಗೆಲ್ಲ ಏಕಕಾಲದಲ್ಲಿ ಚಿಕಿತ್ಸೆ ಬೇಕು, ಹಿಟ್ಟಿನಿಂದ ಗುಣವಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಚರ್ಮದ ತೊಂದರೆಗಳನ್ನೂ ನೋಡಲಾಗುತ್ತದೆ.

ಮಾರಾಟ ಮಾಡಲಿಚ್ಛಿಸುವವರಿಗೆ

ಸ್ವಂತ ಮಕ್ಕಳಿಗಾಗಿ ತಯಾರಿಸಿಕೊಳ್ಳಲು ಪರವಾನಗಿ ಬೇಕಿಲ್ಲ. ಆದರೆ ಮೈ ಶುಚಿಗೊಳಿಸಲು ಹಚ್ಚುವ ಪುಡಿ, ಎಣ್ಣೆ, ಸಾಬೂನುಗಳನ್ನು ಮಾರಾಟಕ್ಕಾಗಿ ತಯಾರಿಸುವ ವ್ಯಕ್ತಿ ಅಥವಾ ಸ್ವಸಹಾಯ ಸಂಘವು 1940ರ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮದಡಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆಯತಕ್ಕದ್ದು. 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಅರ್ಜಿಯನ್ನು ನಮೂನೆ ಸಿಒಎಸ್-5ರಲ್ಲಿ ಸಲ್ಲಿಸಬೇಕು. ತಯಾರಿಕಾ ಸ್ಥಳದ ವಿವರ ಮತ್ತು ಅರ್ಹ ತಾಂತ್ರಿಕ ಸಿಬ್ಬಂದಿಯ ಮಾಹಿತಿ ಅಗತ್ಯ. ಆಹಾರ ಸುರಕ್ಷತಾ ಪರವಾನಗಿ ಅಥವಾ ಉದ್ಯಮ ನೋಂದಣಿ ಇದಕ್ಕೆ ಬದಲಿಯಾಗುವುದಿಲ್ಲ. ಅರ್ಜಿದಾರರು ಸಾಮಾನ್ಯವಾಗಿ ಗೊಂದಲಕ್ಕೊಳಗಾಗುವುದು ಇಲ್ಲಿಯೇ. "ಇಸುಬು ಗುಣಪಡಿಸುತ್ತದೆ" ಎಂದು ಲೇಬಲಿನಲ್ಲಿ ಬರೆದ ಕ್ಷಣದಿಂದ ಆ ಪದಾರ್ಥವು ಔಷಧವೆಂದು ಪರಿಗಣಿತವಾಗಿ, ಬೇರೆಯೇ ಪರವಾನಗಿ ಅಗತ್ಯವಾಗುತ್ತದೆ. ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಹಾಗೂ ಘಟಕಾಂಶಗಳ ಪಟ್ಟಿ ಲೇಬಲಿನ ಮೇಲೆ ಇರತಕ್ಕದ್ದು.